ಸಹಾಯ ಬೇಕು: ಓಪನ್ ಸೋರ್ಸ್ ಲೈಬ್ರರಿಗೆ ಡಾಕ್ಯುಮೆಂಟೇಶನ್ ಬರೆಯುವವರು

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಒಂದು ಪೈಥಾನ್ ಲೈಬ್ರರಿ (ಬೇರೆಯವರು ತಮ್ಮ ಪ್ರೋಗ್ರಾಂಗಳಲ್ಲಿ ಬಳಸಿಕೊಳ್ಳುವ ಸಿದ್ಧ ಕೋಡ್) ನಡೆಸುತ್ತಿದ್ದೇವೆ. ಕೋಡ್ ಗಟ್ಟಿಯಾಗಿದೆ, ಆದರೆ ಹೊಸಬರು ಇನ್‌ಸ್ಟಾಲ್ ಹಂತದಲ್ಲೇ ಸಿಕ್ಕಿಹಾಕಿಕೊಂಡು ವಾಪಸ್ ಹೋಗುತ್ತಾರೆ. ರೀಡ್‌ಮಿ, ಅಂದರೆ ಲೈಬ್ರರಿಯ ಪರಿಚಯದ ಫೈಲ್‌ನಲ್ಲಿರುವ ಉದಾಹರಣೆಗಳು ಹಳೇ ವರ್ಷನ್‌ನವು, ಈಗ ಓಡುವುದೇ ಇಲ್ಲ. ಇದು ನಮ್ಮೊಬ್ಬರ ಪಾಡಲ್ಲ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ 2017ರ ಸಮೀಕ್ಷೆಯಲ್ಲಿ ಶೇ. 93ರಷ್ಟು ಜನ ಅರೆಬರೆ ಅಥವಾ ಹಳತಾದ ಡಾಕ್ಯುಮೆಂಟೇಶನ್ ಕಂಡಿದ್ದಾಗಿ ಹೇಳಿದ್ದರು.

ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ ಟೂಲ್ ಬಳಸಿದವರು ಯಾರಾದರೂ ಇದ್ದೀರಾ? ಎಪಿಐ ಪುಟಗಳನ್ನು (ಪ್ರತಿ ಫಂಕ್ಷನ್ ಬಳಸುವ ವಿವರ) ಡಾಕ್‌ಸ್ಟ್ರಿಂಗ್‌ಗಳಿಂದಲೇ, ಅಂದರೆ ಕೋಡ್ ಒಳಗೇ ಬರೆದ ವಿವರಣೆಗಳಿಂದಲೇ ತೆಗೆಯಬಹುದು, ಅದರ ಚಿಂತೆಯಿಲ್ಲ. ಬೇಕಿರುವುದು ಮೊದಲ ಸಲ ಬಂದವರನ್ನು ಕೈಹಿಡಿದು ನಡೆಸುವ ಟ್ಯುಟೋರಿಯಲ್. ನಾವೇ ಬರೆದರೆ, ನಮಗೆ ರೂಢಿಯಾಗಿರುವ ಹಂತಗಳೆಲ್ಲ ಬಿಟ್ಟುಹೋಗುತ್ತವೆ. ಹಾಗಾಗಿ ಈ ಲೈಬ್ರರಿಯನ್ನು ಎಂದೂ ಮುಟ್ಟದವರು ಬಂದರೆ ಇನ್ನೂ ಒಳ್ಳೆಯದು. ಎಲ್ಲಿ ತಡವರಿಸಿದಿರಿ ಎಂದು ಬರೆದುಕೊಟ್ಟರೂ ದೊಡ್ಡ ಉಪಕಾರ. ಪ್ರತಿ ರಿಲೀಸ್‌ಗೂ ಉದಾಹರಣೆಗಳು ಡಾಕ್‌ಟೆಸ್ಟ್‌ನಲ್ಲಿ (ಉದಾಹರಣೆಗಳನ್ನು ಓಡಿಸಿ ಪರೀಕ್ಷಿಸುವ ಪೈಥಾನ್ ಟೂಲ್) ಓಡುವಂತೆ ಮಾಡಲು ಬಲ್ಲವರೂ ದಯವಿಟ್ಟು ಕಾಮೆಂಟ್ ಮಾಡಿ.