ಗೊದ್ದದ ರಾಣಿ ಮೊಟ್ಟೆ ಇಡುತ್ತದೆ, ಬೆಳಗ್ಗೆ ನೋಡಿದರೆ ಮಾಯ. ಎರಡು ತಿಂಗಳಾಯ್ತು, ಸಾಕಾಗಿದೆ

ಶಿಡ್ಲಘಟ್ಟ_ಹುಳು (ಆಗಸ್ಟ್ 3, ರಾತ್ರಿ 10:40)
ಗೊತ್ತಿರುವವರು ಯಾರಾದರೂ ಹೇಳಿ, ನನಗಂತೂ ತಲೆ ಕೆಟ್ಟು ಹೋಗಿದೆ. ಗೊದ್ದ ಸಾಕಿದ್ದೇನೆ, ಅದೇ ದಪ್ಪ ಕಪ್ಪು ಇರುವೆ. ರಾಣಿ ಒಂದು, ಮಿಕ್ಕವು ಹತ್ತು ಹನ್ನೆರಡು. ಟ್ಯೂಬಿನಲ್ಲಿ ನೀರು, ಹತ್ತಿ, ಎಲ್ಲ ಸರಿಯಾಗೇ ಇದೆ. ಜೇನು ಕೊಡುತ್ತೇನೆ, ಹುಳ ಕೊಡುತ್ತೇನೆ. ರಾಣಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಒಂದೂ ಇಲ್ಲ. ಎರಡು ತಿಂಗಳಿಂದ ಇದೇ ಕಥೆ. ವೀಡಿಯೋಗಳಲ್ಲಿ ನೋಡಿದರೆ ಇಷ್ಟೊತ್ತಿಗೆ ಜನ ಡಬ್ಬಿ ತುಂಬಿಸಿಕೊಂಡು ಕೂತಿರುತ್ತಾರೆ. ಕತ್ತಲಲ್ಲಿ ಇಡಿ ಅಂತ ಮಾತ್ರ ಹೇಳಬೇಡಿ, ಕತ್ತಲಲ್ಲೇ ಇದೆ.

ಗೊದ್ದರಾಜ_ತುಮಕೂರು (10:52)
ಎಲ್ಲಿ ಇಟ್ಟಿದ್ದೀರಿ ಗುರು? ಶಿಡ್ಲಘಟ್ಟ ಅಂದರೆ ರೇಷ್ಮೆ ಮನೆ ಇರಬೇಕಲ್ವಾ?

ಶಿಡ್ಲಘಟ್ಟ_ಹುಳು (10:55)
ಹೌದು. ಹುಳದ ಮನೆಗೆ ಅಂಟಿಕೊಂಡ ಸೊಪ್ಪಿನ ರೂಮಿನಲ್ಲಿ ಇಟ್ಟಿದ್ದೇನೆ. ಅಲ್ಲೇ ತಂಪು ಜಾಸ್ತಿ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಸ್ಟ್ಯಾಂಡಿನ ಕಾಲಿಗೆಲ್ಲ ನೀರಿನ ಬಟ್ಟಲು ಇಟ್ಟು ಇರುವೆ ತಡೆಯುವ ಮನೆ ನಮ್ಮದು, ಅದರೊಳಗೆ ನಾನು ಇರುವೆ ಸಾಕುತ್ತಿದ್ದೇನೆ ಅಂತ ಗೊತ್ತಾದರೆ ಊಟ ಹಾಕುವುದಿಲ್ಲ.

ಗೊದ್ದರಾಜ_ತುಮಕೂರು (11:03)
ಸಿಕ್ಕಿತು ನೋಡಿ. ಬ್ಲೀಚಿಂಗ್ ಪುಡಿ. ಪ್ರತಿ ಬೆಳೆಗೂ ಮನೆ ತೊಳೆಯುತ್ತೀರಿ, ಸುಣ್ಣ ಎರಚುತ್ತೀರಿ. ಇರುವೆ ಬದುಕುವುದೇ ವಾಸನೆಯ ಮೇಲೆ. ಆ ಘಾಟಿಗೆ ರಾಣಿ ಗಾಬರಿಯಾಗಿ ಮೊಟ್ಟೆ ತಿಂದುಕೊಳ್ಳುತ್ತದೆ. ನನ್ನ ಹತ್ತಿರ 14 ಕಾಲೊನಿ ಇವೆ, ಫಿನಾಯಿಲ್ ಹಾಕಿ ನೆಲ ಒರೆಸುವುದನ್ನೇ ಬಿಡಿಸಿದ್ದೇನೆ ಮನೆಯಲ್ಲಿ. ಜಾಗ ಬದಲಾಯಿಸಿ, ಹದಿನೈದು ದಿನದಲ್ಲಿ ಸರಿಹೋಗುತ್ತದೆ. ಬರೆದಿಟ್ಟುಕೊಳ್ಳಿ.

ಕೋಲಾರದವ (11:20)
ಬ್ಲೀಚಿಂಗ್ ಇರಲಿ, ಹತ್ತಿ ಎಷ್ಟು ಒದ್ದೆ ಇದೆ? ಟ್ಯೂಬಿನ ಒಳಗೆ ಬೆವರು ಕಟ್ಟುತ್ತಿದೆಯಾ? ಮತ್ತೆ ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತೀರಿ, ಸುಳ್ಳು ಹೇಳಬೇಡಿ.

ಶಿಡ್ಲಘಟ್ಟ_ಹುಳು (11:24)
ಎರಡು ಸಲ. ಸರಿ, ಐದಾರು ಸಲ.

ಕೋಲಾರದವ (11:26)
ಅದೇ.

ಗೊದ್ದರಾಜ_ತುಮಕೂರು (11:31)
ನೋಡುವುದರಿಂದ ಏನೂ ಆಗಲ್ಲ ಅಣ್ಣಾ. ನನ್ನವು ಟಿವಿ ಪಕ್ಕದಲ್ಲೇ ಇವೆ. ಬ್ಲೀಚಿಂಗೇ.

ಶಿಡ್ಲಘಟ್ಟ_ಹುಳು (ಆಗಸ್ಟ್ 16, ಸಂಜೆ 7:15)
ಸೊಪ್ಪಿನ ರೂಮಿನಿಂದ ಅಟ್ಟಕ್ಕೆ ಸಾಗಿಸಿದ್ದೇನೆ. ಮೂರು ದಿನಕ್ಕೊಮ್ಮೆ ಮಾತ್ರ ನೋಡಿದೆ, ಆಣೆ. ಏನೂ ಬದಲಾಗಿಲ್ಲ. ಮೊಟ್ಟೆ ಇಟ್ಟಿತು, ಹೋಯಿತು. ಇನ್ನೊಂದು ಕೆಟ್ಟ ಸುದ್ದಿ. ಮಣ್ಣು ಅಗೆದು ತಂದಾಗಲೇ ಕೆಲವು ಮರಿ, ಗೂಡು ಜೊತೆಗೆ ಬಂದಿದ್ದವು. ಗೂಡು ನಮ್ಮ ರೇಷ್ಮೆ ಗೂಡಿನ ಹಾಗೇ, ಆದರೆ ಕಂದು ಬಣ್ಣ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಅದರಲ್ಲಿ ಒಂದರಿಂದ ಮೊನ್ನೆ ಇರುವೆ ಬರಲಿಲ್ಲ, ರೆಕ್ಕೆ ಇರುವ ಕಣಜದಂಥ ಹುಳ ಬಂತು. ಸಣ್ಣ ತಲೆ, ಉದ್ದ ಮೀಸೆ. ರೇಷ್ಮೆ ಹುಳಕ್ಕೆ ಬೀಳುವ ಊಜಿ ನೊಣದ ಥರ ಏನೋ ಪರಾವಲಂಬಿ ಸೇರಿಕೊಂಡಿದೆ ಅಂತ ಆಗಲೇ ಹೊಸಕಿ ಹಾಕಿದೆ. ಈಗ ಮಿಕ್ಕ ಗೂಡುಗಳನ್ನೂ ಎಸೆಯಬೇಕಾ?

ಚಂದ್ರಿಕೆ_ಚಿಂತಾಮಣಿ (7:40)
ಎಸೆಯಿರಿ. ಊಜಿ ಇರುವ ಊರಿನಲ್ಲಿ ಏನನ್ನೂ ನಂಬಬಾರದು. 1980ರಲ್ಲಿ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂತು, ನಮ್ಮ ತಾತ ಈಗಲೂ ಅದನ್ನು ಬೈಯುತ್ತಾರೆ.

ಕೋಲಾರದವ (7:58)
ಸುಮ್ನೆ ಏನೇನೋ ಹೇಳಬೇಡಿ. ಊಜಿ ನೊಣ ಮೊಟ್ಟೆ ಇಡುವುದು ರೇಷ್ಮೆ ಹುಳದ ಮೈಮೇಲೆ. ಮೈಮೇಲೆ ಕಪ್ಪು ಮಚ್ಚೆ ಬೀಳುತ್ತದೆ, ಮರಿ ಗೂಡು ತೂತು ಮಾಡಿಕೊಂಡು ಹೊರಗೆ ಬಂದು ಮಣ್ಣಿಗೆ ಇಳಿಯುತ್ತದೆ. ಇರುವೆ ಗೂಡಿನಿಂದ ಊಜಿ ಎಲ್ಲಿ ಬರುತ್ತದೆ? ಅದೂ ಇವರು ಹೇಳಿದ್ದು ಕಣಜದಂಥದ್ದು, ನೊಣವಲ್ಲ.

ಚಂದ್ರಿಕೆ_ಚಿಂತಾಮಣಿ (8:05)
ಅದು ಊಜಿಯೇ ಅಂತ ನಾನೆಲ್ಲಿ ಹೇಳಿದೆ, ಊಜಿ ಇರುವ ಊರು ಅಂದೆ. ಊಜಿ ಹೊಡೆಯೋಕೆ ಅಂತ ಪೊಟ್ಟಣದಲ್ಲಿ ಕಣಜ ಕೊಡುತ್ತಾರಲ್ಲ, ಹುಳದ ಮನೆಯಲ್ಲಿ ಬಿಡುವುದು. ಅದೇ ಇರುವೆ ಗೂಡಿಗೂ ಹೊಕ್ಕಿರಬಹುದು.

ಕೋಲಾರದವ (8:09)
ಅದು ಸಾಸಿವೆ ಕಾಳಿನಷ್ಟು ಇರುತ್ತದೆ. ಇವರದ್ದು ಎಷ್ಟಿತ್ತು?

ಶಿಡ್ಲಘಟ್ಟ_ಹುಳು (8:12)
ಇರುವೆಗಿಂತ ಸ್ವಲ್ಪ ಸಣ್ಣ.

ಗೊದ್ದರಾಜ_ತುಮಕೂರು (8:30)
ಅಟ್ಟದಲ್ಲೂ ಬ್ಲೀಚಿಂಗ್ ಘಾಟು ಬರುತ್ತದೆ, ಗಾಳಿ ಮೇಲಕ್ಕೆ ಹೋಗುತ್ತದಲ್ಲ. ಟ್ಯೂಬ್ ಬಿಟ್ಟು ಹಗುರ ಬ್ಲಾಕಿಗೆ ಬನ್ನಿ. ಮನೆ ಕಟ್ಟುವ ಸಿಮೆಂಟಿನ ಆ ತೇಲುವ ಬ್ಲಾಕು. ಎಲ್ಲಾದರೂ ಕಟ್ಟಡ ಕೆಲಸ ನಡೆಯುವ ಕಡೆ ಒಡೆದ ತುಂಡು ಕೇಳಿ, ಸುಮ್ನೆ ಕೊಡುತ್ತಾರೆ. ಸ್ಕ್ರೂಡ್ರೈವರಿನಲ್ಲೇ ಕೋಣೆ ಕೊರೆಯಬಹುದು, ಒಂದು ಮೂಲೆಗೆ ನೀರು ಹಾಕಿದರೆ ತಾನೇ ಹೀರಿಕೊಂಡು ಒಂದು ಕಡೆ ಒದ್ದೆ ಇನ್ನೊಂದು ಕಡೆ ಒಣ ಆಗುತ್ತದೆ, ಇರುವೆ ತನಗೆ ಬೇಕಾದ ಕಡೆ ಕೂರುತ್ತದೆ. ನನ್ನ ದೊಡ್ಡ ಗೊದ್ದದ ಕಾಲೊನಿಗೆ ನಾಲ್ಕು ಅಂತಸ್ತು ಕೊರೆದಿದ್ದೇನೆ. ತಪ್ಪಿಸಿಕೊಳ್ಳದ ಹಾಗೆ ಅಂಚಿಗೆ ಮಗುವಿನ ಪೌಡರನ್ನು ಸ್ಪಿರಿಟಿನಲ್ಲಿ ಕಲಸಿ ಹಚ್ಚಿದ್ದೇನೆ. ಫೋಟೋ ಆಮೇಲೆ ಹಾಕುತ್ತೇನೆ.

ನಂದಿ_ತಪ್ಪಲು (8:44)
ಪ್ಲಾಸ್ಟರ್ ಆಫ್ ಪ್ಯಾರಿಸ್ಸೇ ಒಳ್ಳೆಯದು. ಬ್ಲಾಕಿನಿಂದ ಪುಡಿ ಉದುರುತ್ತದೆ.

ಗೊದ್ದರಾಜ_ತುಮಕೂರು (8:46)
ಪ್ಲಾಸ್ಟರ್ ಬೂಸ್ಟು ಹಿಡಿಯುತ್ತದೆ, ಆಮೇಲೆ ಅಳಬೇಡಿ.

ನಂದಿ_ತಪ್ಪಲು (8:47)
ತುಮಕೂರಿನ ಸೆಖೆಗೆ ಹಿಡಿಯುತ್ತೇನೋ, ನಮ್ಮಲ್ಲಿ ಇಲ್ಲ.

ಮಧುಗಿರಿ_ಅಕ್ಕ (9:30)
ಎಲ್ಲರೂ ಸ್ವಲ್ಪ ನಿಲ್ಲಿ. ತಮ್ಮಾ, ಆ ಗೂಡುಗಳನ್ನು ಎಸೆಯಬೇಡ. ಮೊದಲು ಮೂರು ಮಾತು ಹೇಳು. ಇವು ಎಲ್ಲಿ ಸಿಕ್ಕಿದವು, ಮಣ್ಣಿನ ತೂತಿನ ಬಾಯಿ ಹೇಗಿತ್ತು, ಹಿಡಿಯುವಾಗ ಕಚ್ಚಿದವೋ ಕುಟುಕಿದವೋ. ಮತ್ತೆ ರಾಣಿ ಅಂತ ಹೇಗೆ ಗೊತ್ತಾಯಿತು ನಿನಗೆ?

ಶಿಡ್ಲಘಟ್ಟ_ಹುಳು (9:41)
ಹಿಪ್ಪುನೇರಳೆ ತೋಟದ ಬದುವಿನಲ್ಲಿ. ಬಾಯಿ ಸುತ್ತ ಸಣ್ಣ ಮಣ್ಣಿನ ದಿಬ್ಬ, ಅದರ ಮೇಲೆ ಕೋಳಿ ಪುಕ್ಕ ಬಿದ್ದಿದ್ದವು, ನಮ್ಮ ಕೋಳಿಗಳದ್ದೇ ಇರಬೇಕು. ಒಂದು ಕುಟುಕಿತು ಅಕ್ಕ, ಹೆಬ್ಬೆರಳು ಸಂಜೆವರೆಗೂ ಉರಿಯಿತು. ಎಲ್ಲಕ್ಕಿಂತ ದಪ್ಪ ಇದ್ದದ್ದನ್ನು ರಾಣಿ ಅಂದುಕೊಂಡೆ. ಅದಕ್ಕೂ ಮೊಟ್ಟೆಗೂ ಏನು ಸಂಬಂಧ?

ಮಧುಗಿರಿ_ಅಕ್ಕ (10:15)
ಎಲ್ಲ ಸಂಬಂಧ ಅದರಲ್ಲೇ ಇದೆ. ಗೊದ್ದ ಕುಟುಕುವುದಿಲ್ಲ, ಅದಕ್ಕೆ ಮುಳ್ಳೇ ಇಲ್ಲ. ಕಚ್ಚಿ ಆ ಗಾಯಕ್ಕೆ ಆಮ್ಲ ಬಿಡುತ್ತದೆ. ಆ ಪುಕ್ಕ ಅಲ್ಲಿ ಬಿದ್ದದ್ದಲ್ಲಪ್ಪ, ಅವೇ ತಂದು ಇಟ್ಟದ್ದು. ರಾತ್ರಿ ಇಬ್ಬನಿ ಅದರ ಮೇಲೆ ಕೂರುತ್ತದೆ, ಬೆಳಗ್ಗೆ ಬಂದು ಕುಡಿಯುತ್ತವೆ. ಮಾರ್ಕ್ ಮೊಫೆಟ್ ಎನ್ನುವ ಕೀಟತಜ್ಞ 1985ರಲ್ಲೇ ಇದನ್ನು ಬರೆದಿದ್ದಾರೆ. ನಮ್ಮ ಬಯಲುಸೀಮೆಗೆ ಹೇಳಿ ಮಾಡಿಸಿದ ಬುದ್ಧಿ, ಬೋರ್‌ವೆಲ್ ಕೊರೆಸುವ ಖರ್ಚಿಲ್ಲ.

ನಿನ್ನ ಹತ್ತಿರ ಇರುವುದು ಡಯಾಕಮ್ಮ ಅನ್ನುವ ಬೇರೆಯೇ ಇರುವೆ. ಬೆನ್ನಿನ ಮೇಲೆ ಬೆರಳಚ್ಚಿನ ಗೆರೆಗಳಂಥ ಗೀರು ಇರುತ್ತದೆ, ಬಿಸಿಲಿಗೆ ಬೂದು ಬೂದಾಗಿ ಹೊಳೆಯುತ್ತದೆ, ಸೊಂಟದ ಗಂಟಿನ ಮೇಲೆ ಎರಡು ಮುಳ್ಳು. ಸಾಲು ಕಟ್ಟುವುದಿಲ್ಲ, ಒಂಟಿಯಾಗಿ ಬೇಟೆಗೆ ಹೋಗುತ್ತದೆ. ಮನೆ ಬದಲಾಯಿಸುವಾಗ ಮಾತ್ರ ಒಂದರ ಹಿಂದೆ ಒಂದು ಮುಟ್ಟಿಕೊಂಡೇ ಹೋಗುತ್ತವೆ, ದಾರಿ ಗೊತ್ತಿರುವುದು ಗೊತ್ತಿಲ್ಲದ್ದನ್ನು ಕರೆದುಕೊಂಡು. ಕೋಲ್ಕತ್ತಾದ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಇದರ ಮೇಲೇ ಕೆಲಸ ಮಾಡುತ್ತಾರೆ.

ಇದಕ್ಕೆ ರಾಣಿಯೇ ಇಲ್ಲ. ನಿನ್ನ ಕಾಲೊನಿಯಲ್ಲಿ ಅಂತಲ್ಲ, ಆ ಜಾತಿಗೇ ಇಲ್ಲ. ಕೆಲಸದ ಇರುವೆಗಳಲ್ಲೇ ಒಂದು ಗಂಡಿನ ಜೊತೆ ಸೇರಿ ಮೊಟ್ಟೆ ಇಡುತ್ತದೆ. ಪ್ರತಿಯೊಂದು ಕೆಲಸದ ಇರುವೆಯೂ ಆ ಕಂದು ಗೂಡು ಒಡೆದು ಹೊರಬರುವಾಗ ಬೆನ್ನ ಮೇಲೆ ಎರಡು ಸಣ್ಣ ಮೊಗ್ಗು ಇರುತ್ತವೆ, ರೆಕ್ಕೆ ಇರಬೇಕಾದ ಜಾಗದಲ್ಲಿ. ಮನೆಯ ಯಜಮಾನಿ ಆ ಮೊಗ್ಗನ್ನು ಕಚ್ಚಿ ಕಿತ್ತು ಹಾಕುತ್ತಾಳೆ. ಕಿತ್ತ ಮೇಲೆ ಅದು ಇನ್ನು ಗಂಡಿನ ಜೊತೆ ಸೇರುವುದಿಲ್ಲ, ಬದುಕಿಡೀ ದುಡಿಯುವುದಷ್ಟೇ. ಮೊಗ್ಗು ಉಳಿದವಳೇ ಯಜಮಾನಿ.

ನೀನು ಅಗೆದಾಗ ಯಜಮಾನಿ ಮಣ್ಣಿನೊಳಗೇ ಉಳಿದಳು ಅಂತ ಕಾಣುತ್ತದೆ. ನಿನ್ನ ದಪ್ಪ ರಾಣಿ ಬರೀ ಊಟ ಜಾಸ್ತಿಯಾದ ಹಳೇ ಕೆಲಸದವಳು. ಸೇರದೆ ಇಟ್ಟ ಮೊಟ್ಟೆಯಿಂದ ಗಂಡು ಮಾತ್ರ ಹುಟ್ಟುತ್ತದೆ. ಅದನ್ನೂ ಒಬ್ಬರದ್ದು ಒಬ್ಬರು ತಿಂದು ಹಾಕುತ್ತಾರೆ. ನಿನ್ನ ಮೊಟ್ಟೆ ಹೋಗುತ್ತಿರುವುದು ಅಲ್ಲಿಗೆ. ಆ ರೆಕ್ಕೆ ಹುಳ ಊಜಿಯೂ ಅಲ್ಲ, ಕಣಜವೂ ಅಲ್ಲ. ಅದು ಇದರದ್ದೇ ಗಂಡು.

ಶಿಡ್ಲಘಟ್ಟ_ಹುಳು (10:22)
ಅಯ್ಯೋ.

ಗೊದ್ದರಾಜ_ತುಮಕೂರು (10:25)
ಅಕ್ಕ ಹೇಳಿದ್ದು ಸರಿ ಇರಬಹುದು. ಆದರೂ ಬ್ಲೀಚಿಂಗ್ ಒಳ್ಳೆಯದಲ್ಲ.

ಕೋಲಾರದವ (10:31)
ಒಂದು ಮಾತು. ತಲೆಬರಹದಲ್ಲೇ ಗೊದ್ದ ಅಂತ ಬರೆದರೆ ನಾವೇನು ಮಾಡೋಣ? ಕಪ್ಪಗಿರುವುದೆಲ್ಲ ಗೊದ್ದ, ಕೆಂಪಗಿರುವುದೆಲ್ಲ ಕೆಂಜಿಗ. ಫೋಟೋ ಹಾಕಿದ್ದರೆ ಹದಿಮೂರು ದಿನ ಉಳಿಯುತ್ತಿತ್ತು.

ಶಿಡ್ಲಘಟ್ಟ_ಹುಳು (10:40)
ನಮ್ಮ ಮನೆಯಲ್ಲಿ ಎಲ್ಲರೂ ಗೊದ್ದ ಅಂತಲೇ ಕರೆಯುತ್ತಾರೆ. ಅಕ್ಕ, ಒಂದು ವಿಷಯ ಹೇಳಿರಲಿಲ್ಲ, ಮುಖ್ಯ ಅಂತ ಅನ್ನಿಸಿರಲಿಲ್ಲ. ತಂದು ಎರಡು ವಾರ ಆದಮೇಲೆ ಒಂದು ಗೂಡಿನಿಂದ ಹೊಸ ಇರುವೆ ಬಂದಿತ್ತು. ಅದು ಸ್ವಲ್ಪ ದಿನಕ್ಕೇ ಬೇರೆಯವರ ಮೇಲೆ ಏರಿ ಹೋಗೋದು, ಮೀಸೆ ಹಿಡಿದು ಎಳೆಯೋದು ಮಾಡುತ್ತಿತ್ತು. ರಾಣಿಯನ್ನೂ ಬಿಡುತ್ತಿರಲಿಲ್ಲ. ರೋಗ ಗೀಗ ಇರಬೇಕು ಅಂತ ಅದನ್ನು ಹೊರಗೆ ಬಿಟ್ಟುಬಿಟ್ಟೆ.

ಮಧುಗಿರಿ_ಅಕ್ಕ (10:44)
ಎಲ್ಲಿ ಬಿಟ್ಟೆ?

ಶಿಡ್ಲಘಟ್ಟ_ಹುಳು (10:45)
ಕೋಳಿ ಗೂಡಿನ ಹತ್ತಿರ.

ಮಧುಗಿರಿ_ಅಕ್ಕ (10:47)
ಬೇರೆ ಎಲ್ಲೂ ಜಾಗ ಸಿಗಲಿಲ್ಲವೇನಪ್ಪ. ಯಜಮಾನಿ ಇಲ್ಲದ ಮನೆಯಲ್ಲಿ ಮೊದಲು ಹುಟ್ಟಿದವಳ ಮೊಗ್ಗು ಕೀಳುವವರೇ ಇರುವುದಿಲ್ಲ. ಅವಳೇ ಮುಂದಿನ ಯಜಮಾನಿ ಆಗಬೇಕಾದವಳು. ದಬ್ಬಾಳಿಕೆ ಮಾಡುವುದು ರೋಗವಲ್ಲ, ಅವಳ ಕೆಲಸ ಅದು.

ನಂದಿ_ತಪ್ಪಲು (10:58)
ಗಂಡನ್ನು ಹೊಸಕಿದ, ಹೆಣ್ಣನ್ನು ಕೋಳಿಗೆ ಹಾಕಿದ, ಊಟ ಜಾಸ್ತಿಯಾದ ಕೆಲಸದವಳನ್ನು ಸಿಂಹಾಸನದಲ್ಲಿ ಕೂರಿಸಿದ. ದರ್ಬಾರು ಅಂದರೆ ಇದು.

ತೆಂಗಿನ_ಸೋಗೆ (11:10)
ನಗಬೇಡಿ, ನಾನೂ ಇಂಥದ್ದೇ ಮಾಡಿದವನು. ನೆಗೆಯುವ ಇರುವೆ ಸಾಕಲು ಹೋಗಿದ್ದೆ, ಹಾರ್ಪೆಗ್ನ್ಯಾಥಸ್. ದೊಡ್ಡ ಕಣ್ಣು, ಇಕ್ಕಳದ ಹಾಗೆ ಉದ್ದ ದವಡೆ. ಸತ್ತ ಹುಳ ಮುಟ್ಟುವುದಿಲ್ಲ, ಓಡಾಡುವ ಜಿರಳೆ ಮರಿಯೇ ಬೇಕು. ಗೊದ್ದದ ರಾಣಿಯಾದರೆ ರೆಕ್ಕೆಯ ಸ್ನಾಯು ಕರಗಿಸಿಕೊಂಡು ಮೊದಲ ಮಕ್ಕಳನ್ನು ಬೆಳೆಸುತ್ತಾಳೆ, ಊಟವೇ ಕೇಳುವುದಿಲ್ಲ. ಇದರ ರಾಣಿ ಹಾಗಲ್ಲ, ಮೊದಲ ದಿನದಿಂದ ಬೇಟೆ ಆಗಲೇಬೇಕು. ನಂದು ರಾಣಿ ಸತ್ತಳು. ಮಾರನೇ ವಾರದಿಂದ ಕೆಲಸದವರೆಲ್ಲ ಮೀಸೆಯಲ್ಲಿ ಕತ್ತಿವರಸೆ ಶುರು ಮಾಡಿದರು. ನಾನು ಜಗಳ ಅಂದುಕೊಂಡು ನಾಲ್ಕು ಡಬ್ಬಿಗೆ ಹಂಚಿದೆ. ಆಮೇಲೆ ಓದಿದೆ, ಅದು ಪಟ್ಟಕ್ಕಾಗಿ ನಡೆಯುವ ಪೈಪೋಟಿಯಂತೆ, ವಾರಗಟ್ಟಲೆ ನಡೆಯುತ್ತದೆ, ಗೆದ್ದವರ ಮಿದುಳು ಸಣ್ಣದಾಗಿ ಅಂಡಾಶಯ ಬೆಳೆಯುತ್ತದೆ. ಪಟ್ಟ ಹೋದರೆ ಮಿದುಳು ಮತ್ತೆ ಮೊದಲಿನಷ್ಟೇ ಆಗುತ್ತದೆ ಅಂತ 2021ರಲ್ಲಿ ತೋರಿಸಿದ್ದಾರೆ.

ಚಂದ್ರಿಕೆ_ಚಿಂತಾಮಣಿ (11:14)
ಪಟ್ಟಕ್ಕೆ ಬಂದಮೇಲೆ ಮಿದುಳು ಸಣ್ಣದಾಗುವುದು ಇರುವೆಗೆ ಮಾತ್ರವಾ?

ತೆಂಗಿನ_ಸೋಗೆ (11:15)
ರಾಜಕೀಯ ಬೇಡ.

ಮಾವಿನತೋಪು_ಶ್ರೀನಿವಾಸಪುರ (11:32)
ಸಾಕಲು ಕಷ್ಟ ಅಂದರೆ ಕೆಂಜಿಗ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುತ್ತದಲ್ಲ, ಅದು. ನೂಲು ತೆಗೆಯುವುದು ದೊಡ್ಡ ಇರುವೆಯಲ್ಲ, ಮರಿಹುಳು. ಅದನ್ನು ಬಾಯಲ್ಲಿ ಹಿಡಿದು ಗೋಂದಿನ ಬಾಟಲಿ ಥರ ಆ ಕಡೆ ಈ ಕಡೆ ಓಡಿಸುತ್ತವೆ. ಮರಿ ಇಲ್ಲದಿದ್ದರೆ ನೂಲಿಲ್ಲ. ಕುಂಡದಲ್ಲಿ ಮಾವಿನ ಗಿಡ ಇಟ್ಟು ಸುತ್ತ ನೀರು ಕಟ್ಟಿದ್ದೆ, ಒಂದು ಎಲೆ ನೀರಿನ ಆಚೆ ಬಾಗಿತ್ತು ಅಷ್ಟೇ. ಬೆಳಗ್ಗೆ ಕಿಟಕಿ ಪರದೆ ತುಂಬ ಅವೇ.

ಗೊದ್ದರಾಜ_ತುಮಕೂರು (11:36)
ಅದು ಚಗಳಿ. ಚಟ್ನಿ ಮಾಡಿಕೊಂಡು ತಿನ್ನುವುದು.

ಮಾವಿನತೋಪು_ಶ್ರೀನಿವಾಸಪುರ (11:38)
ಚಗಳಿ ಅನ್ನುವುದು ಮಲೆನಾಡಿನವರು. ನಮ್ಮ ಕಡೆ ಯಾರೂ ತಿನ್ನಲ್ಲ.

ಗೊದ್ದರಾಜ_ತುಮಕೂರು (11:39)
ಒಡಿಶಾದಲ್ಲಿ ಅದೇ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್ ಕೊಟ್ಟಿದ್ದಾರೆ. ನಿಮ್ಮ ಮಾವಿನ ಮರದಲ್ಲಿ ಸುಮ್ನೆ ಹಾಳಾಗುತ್ತಿದೆ.

ಮಧುಗಿರಿ_ಅಕ್ಕ (11:50)
ಚಟ್ನಿಗೆ ಬೇರೆ ಕಡೆ ಮಾತಾಡಿ. ತಮ್ಮಾ, ಎಷ್ಟು ಗೂಡು ಉಳಿದಿವೆ?

ಶಿಡ್ಲಘಟ್ಟ_ಹುಳು (11:52)
ಮೂರು. ಒಂದು ತುದಿಯಲ್ಲಿ ಕಪ್ಪಾಗಿದೆ.

ಮಧುಗಿರಿ_ಅಕ್ಕ (ಆಗಸ್ಟ್ 17, ಬೆಳಗ್ಗೆ 6:05)
ಮುಟ್ಟಬೇಡ. ಹೊಸದು ಬಂದರೆ ಲೆನ್ಸಿನಲ್ಲಿ ಬೆನ್ನು ನೋಡು. ಮೊಗ್ಗು ಉಳಿದಿದ್ದರೆ ನಿನಗೆ ಒಂದು ದಾರಿ ಇದೆ. ಬೇರೆ ಕಾಲೊನಿಯ ಗಂಡು ಸಿಗಬೇಕು ಅಷ್ಟೇ. ಅವಳು ಗೂಡಿನ ಬಾಯಿಗೆ ಬಂದು ನಿಂತು ಗಂಡನ್ನು ಕರೆಯುತ್ತಾಳೆ, ಅವು ಹಾರಿಕೊಂಡು ಬರುತ್ತವೆ. ರಾತ್ರಿ ಲೈಟಿಗೆ ರೆಕ್ಕೆಯ ಹುಳ ಬಂದರೆ ಹೊಸಕುವ ಮುಂಚೆ ಒಂದು ಸಲ ನೋಡು. ಮೊಗ್ಗು ಇಲ್ಲದಿದ್ದರೆ ಇಷ್ಟನ್ನೂ ಇಟ್ಟುಕೊಂಡು ಪ್ರಯೋಜನವಿಲ್ಲ, ಆಯಸ್ಸು ಮುಗಿಯುವವರೆಗೆ ಚೆನ್ನಾಗಿ ನೋಡಿಕೋ. ಹಳೇ ಬದುವನ್ನು ಮತ್ತೆ ಅಗೆಯಲು ಹೋಗಬೇಡ, ಅಲ್ಲಿ ಯಜಮಾನಿ ಇದ್ದರೆ ಅವಳ ಪಾಡಿಗೆ ಅವಳು ಇರಲಿ.

ಶಿಡ್ಲಘಟ್ಟ_ಹುಳು (ಆಗಸ್ಟ್ 17, ಬೆಳಗ್ಗೆ 6:20)
ಸರಿ ಅಕ್ಕ. ನಮ್ಮ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿದೆ, ಇನ್ನು ಒಂದು ವಾರ ಸೊಪ್ಪು ಹೊರುವುದೇ ಕೆಲಸ. ನಡುವೆ ಬಿಡುವಾದಾಗ ಹೇಳುತ್ತೇನೆ.

ಗೊದ್ದರಾಜ_ತುಮಕೂರು (ಆಗಸ್ಟ್ 19)
ಹಗುರ ಬ್ಲಾಕ್ ಫೋಟೋ ಕೇಳಿದ್ದರಲ್ಲ, ಹಾಕಿದ್ದೇನೆ. ಮೂರನೇ ಅಂತಸ್ತಿನಲ್ಲಿ ಬೆಳ್ಳಗೆ ಕಾಣುವುದೆಲ್ಲ ಮರಿ.

ನಂದಿ_ತಪ್ಪಲು (ಆಗಸ್ಟ್ 19)
ಯಾರೂ ಕೇಳಿರಲಿಲ್ಲ. ನಾಲ್ಕನೇ ಅಂತಸ್ತಿನಲ್ಲಿ ಅದು ಬೂಸ್ಟಾ?

ಕೋಲಾರದವ (ಆಗಸ್ಟ್ 24)
ಶಿಡ್ಲಘಟ್ಟದವರೇ, ಏನಾಯ್ತು?

ಶಿಡ್ಲಘಟ್ಟ_ಹುಳು (ಆಗಸ್ಟ್ 26, ಮಧ್ಯಾಹ್ನ 1:10)
ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಹಾಕಿದ್ದಾಯಿತು, ಈಗ ಉಸಿರು ಬಂತು. ಅಟ್ಟ ಹತ್ತಿ ನೋಡಿದೆ. ಒಂದು ಗೂಡು ಖಾಲಿ. ಹೊಸದು ಇರುವೆಯೇ, ರೆಕ್ಕೆ ಇಲ್ಲ, ಮಾಸಲು ಕಂದು ಬಣ್ಣ, ಕಾಲು ಇನ್ನೂ ನಡುಗುತ್ತಿದೆ. ಐದಾರು ಹಳೆಯವು ಅದರ ಸುತ್ತ ನಿಂತು ಬೆನ್ನಿಗೆ ಬಾಯಿ ಹಾಕಿವೆ. ನೆಕ್ಕುತ್ತಿವೆಯೋ ಕಚ್ಚುತ್ತಿವೆಯೋ ಬರಿಗಣ್ಣಿಗೆ ಕಾಣುತ್ತಿಲ್ಲ. ಲೆನ್ಸನ್ನು ತಮ್ಮ ಸ್ಕೂಲಿಗೆ ತೆಗೆದುಕೊಂಡು ಹೋಗಿದ್ದಾನೆ. ನಾಲ್ಕೂವರೆಗೆ ಬರುತ್ತಾನೆ.