ಪದ ಬೇಕಿದೆ (ತುರ್ತು): ಅಜ್ಜ-ಅಜ್ಜಿಯರ 'ವಿಸಿಟೇಷನ್ ರೈಟ್ಸ್'

ಎಲ್ಲರಿಗೂ ನಮಸ್ಕಾರ.
ಕಾನೂನು ನೆರವು ಶಿಬಿರಕ್ಕೆ ಕರಪತ್ರ ಮಾಡುತ್ತಿದ್ದೇನೆ. ಸಂಜೆ ಐದಕ್ಕೆ ಪ್ರೆಸ್ಸಿಗೆ ಕೊಡಬೇಕು. ಮಗ ತೀರಿಕೊಂಡ ಮೇಲೆ ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋದರೆ, ಅಜ್ಜ-ಅಜ್ಜಿ ಅದನ್ನು ನೋಡಲು ಕೋರ್ಟಿನ ಮೊರೆ ಹೋಗಬಹುದು ಅನ್ನುವುದು ವಿಷಯ. 'ಸಂದರ್ಶನ ಹಕ್ಕು' ಎಂದು ಹಾಕಿದ್ದೆ. ಕರಡು ಓದಿಸಿಕೊಂಡ ಅಜ್ಜಿಯೊಬ್ಬರು, "ಮೊಮ್ಮಗನ್ನ ನೋಡೋಕೂ ಇಂಟರ್‌ವ್ಯೂ ಕೊಡ್ಬೇಕಾ?" ಎಂದರು. ಕೋಡುಬಳೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಬೇರೆ ಪದ ಹೇಳಿ.

> ಬೇರೆ ಪದ ಹೇಳಿ
ಅಜ್ಜಿ ಹೇಳಿದ್ದೇ ಸರಿ. 'ಭೇಟಿ ಹಕ್ಕು' ಹಾಕಿ. ಮುಗಿಯಿತು.

> ಮುಗಿಯಿತು
ಎಲ್ಲಿ ಮುಗಿಯಿತು ರಾಯರೇ? 'ಹಕ್ಕು' ಅರಬ್ಬಿ ಮೂಲದ್ದು. 'ಭೇಟಿ'ಯ ಮಹಾಪ್ರಾಣ ಯಾರ ಬಾಯಲ್ಲಿದೆ? ಮಹಾಪ್ರಾಣ ಬೇಡವೆಂದ ಭಾಷಾವಿಜ್ಞಾನಿ ಶಂಕರಭಟ್ಟರು ಹೇಳಿದಂತೆ 'ಬೇಟಿ' ಸಾಕು. ಅದಕ್ಕಿಂತ 'ಕಾಣ್' ಎಂಬ ನಮ್ಮದೇ ಬೇರು ಇದೆಯಲ್ಲ. ತಾಳ್ಮೆ, ಬಾಳ್ಮೆ ಇದ್ದ ಹಾಗೆ 'ಕಾಣ್ಮೆ'.

> 'ಕಾಣ್ಮೆ'
ಜನ ಕಣ್ಣಾಸ್ಪತ್ರೆಯ ಕರಪತ್ರ ಅಂದುಕೊಳ್ಳುತ್ತಾರೆ. 'ಬೇಟಿ' ಅಂದರೆ 'ಬೇಟಿ ಬಚಾವೋ' ಯೋಜನೆ. ಜಮೀನಿನ ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಅಲೆದ ರೈತನಿಗೆ 'ಹಕ್ಕು ಕನ್ನಡ ಅಲ್ಲ' ಎಂದು ಹೇಳಿ ಬನ್ನಿ ನೋಡೋಣ. ಈ ಶುದ್ಧಿಯ ಹುಚ್ಚು ಜಾಸ್ತಿಯಾಯಿತು.

> ಹಕ್ಕುಪತ್ರ
ನಾನು ವಕೀಲ. ನನಗೂ 'ಹಕ್ಕು' ಬೇಡ, ಆದರೆ ಅರಬ್ಬಿ ಅಂತಲ್ಲ. ಅಜ್ಜ-ಅಜ್ಜಿಗೆಂದೇ ಭೇಟಿಯ ಹಕ್ಕು ಕೊಡುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ (ಮಕ್ಕಳ ಪಾಲನೆಯ ಹೊಣೆ ಯಾರಿಗೆಂಬ ಕಾಯ್ದೆ) ಕೇಳಿಕೊಳ್ಳುವ ದಾರಿ ಇದೆ, ಅಷ್ಟೇ. ಕೋರ್ಟು ಮೊದಲು ನೋಡುವುದು ಮಗುವಿನ ಹಿತ. ಫ್ರಾನ್ಸಿನ ಸಿವಿಲ್ ಸಂಹಿತೆಯ 371-4ನೇ ವಿಧಿಯಲ್ಲಿ ಹಕ್ಕು ಇದೆ, ಆದರೆ ಅದು ಮಗುವಿನದು: ಅಜ್ಜ-ಅಜ್ಜಿಯ ಜೊತೆ ಒಡನಾಟ ಇಟ್ಟುಕೊಳ್ಳುವ ಹಕ್ಕು. ಅಲ್ಲೂ ಮಗುವಿನ ಹಿತಕ್ಕೆ ಧಕ್ಕೆಯಾದರೆ ಇಲ್ಲ. ನೀವು ಸುಮ್ನೆ 'ಹಕ್ಕು' ಎಂದು ಅಚ್ಚು ಹಾಕಿದರೆ, ಆ ಅಜ್ಜಿ ಕರಪತ್ರ ಹಿಡಿದು ಸೀದಾ ಬೀಗರ ಮನೆ ಬಾಗಿಲು ತಟ್ಟಿಯಾರು. 'ಮೊಮ್ಮಗುವನ್ನು ನೋಡಲು ಅನುಮತಿ' ಎನ್ನಿ.

> ಅನುಮತಿ
ಸಂಸ್ಕೃತ. 'ಒಪ್ಪಿಗೆ' ಇರುವಾಗ ಯಾಕೆ?

> ಒಪ್ಪಿಗೆ
ಇದು ಒಳ್ಳೆಯದು. 'ಮೊಮ್ಮಕ್ಕಳನ್ನು ನೋಡಲು ಕೋರ್ಟಿನ ಒಪ್ಪಿಗೆ' ಎಂದು ಈಗಷ್ಟೇ ಕಳಿಸಿದೆ. ಅಜ್ಜಿಗೂ ಓದಿ ಹೇಳಿದೆ, ತಲೆಯಾಡಿಸಿದರು. 'ಕೋರ್ಟು' ಇಂಗ್ಲಿಷ್ ಅಂತ ನನಗೆ ಗೊತ್ತು. ಯಾರೂ ಬರೆಯಬೇಡಿ.