ಚಿತ್ರಸಂತೆಯಲ್ಲಿ ಮಾರಾಟವಾದ ಪ್ರಿಂಟ್‌ಗಳು ಆನ್‌ಲೈನ್ ಮಳಿಗೆಯಲ್ಲಿ ಏಕೆ ಮಾರಾಟವಾಗುತ್ತಿಲ್ಲ?

ನೀಲಿಕುಂಚ:

ಎಲ್ಲರಿಗೂ ನಮಸ್ಕಾರ. ಸಾಗರದ ಸಮೀಪದ ಹಳ್ಳಿಯೊಂದರಲ್ಲಿದ್ದುಕೊಂಡು ಹನ್ನೆರಡು ವರ್ಷಗಳಿಂದ ಮಲೆನಾಡಿನ ಜಲವರ್ಣ ಚಿತ್ರಗಳನ್ನು ಬರೆಯುತ್ತಿದ್ದೇನೆ. ಮೂಲಚಿತ್ರಗಳ ಬೆಲೆ ಎಲ್ಲರ ಕೈಗೆಟುಕುವುದಿಲ್ಲವೆಂದು, ಅವುಗಳ ಪ್ರಿಂಟ್‌ಗಳನ್ನು ಮಾರುವುದಕ್ಕಾಗಿ ಎಂಟು ತಿಂಗಳ ಹಿಂದೆ ಸ್ವಂತ ಆನ್‌ಲೈನ್ ಮಳಿಗೆ ತೆರೆದೆ. ಅದರಲ್ಲಿ ಈಗ 64 ಚಿತ್ರಗಳಿದ್ದು, ಪ್ರತಿಯೊಂದೂ ಐದು ಅಳತೆಗಳಲ್ಲಿ ಮತ್ತು ಮೂರು ಬಗೆಯ ಕಾಗದಗಳಲ್ಲಿ ಸಿಗುತ್ತದೆ. ಇನ್‌ಸ್ಟಾಗ್ರಾಮ್‌ನಿಂದ ತಿಂಗಳಿಗೆ ಸುಮಾರು ಏಳುನೂರು ಮಂದಿ ಬಂದು ನೋಡುತ್ತಾರೆ. ಆದರೆ ಈವರೆಗೆ ಮಾರಾಟವಾಗಿರುವುದು 14 ಪ್ರತಿಗಳು ಮಾತ್ರ. ಅವುಗಳಲ್ಲಿ ನಾಲ್ಕನ್ನು ಕೊಂಡವರು ನನ್ನ ಸೋದರತ್ತೆಯ ಮಕ್ಕಳು.

ಬೆಲೆಯೇ ಹೆಚ್ಚಾಯಿತೇನೋ ಎಂದುಕೊಳ್ಳೋಣವೆಂದರೆ, ಕಳೆದ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆದ ಚಿತ್ರಸಂತೆಯಲ್ಲಿ ಇದೇ ಪ್ರಿಂಟ್‌ಗಳು, ಇದೇ ಬೆಲೆಗೆ, ಒಂದೇ ದಿನದಲ್ಲಿ 31 ಹೋದವು. ಎ4 ಅಳತೆಗೆ 650 ರೂಪಾಯಿ, ಎ3 ಅಳತೆಗೆ 1,200 ರೂಪಾಯಿ ಇಟ್ಟಿದ್ದೇನೆ. ಅಂಚೆ ವೆಚ್ಚ ಪ್ರತ್ಯೇಕ. ಇನ್ನಷ್ಟು ಚಿತ್ರಗಳನ್ನು ಸೇರಿಸಬೇಕೇ, ರಿಯಾಯಿತಿ ಕೊಡಬೇಕೇ, ಅಥವಾ ಜಾಹೀರಾತಿಗೆ ಹಣ ಹಾಕಬೇಕೇ? ಅನುಭವವಿರುವವರು ಮಳಿಗೆಯನ್ನು ಒಮ್ಮೆ ನೋಡಿ ನಿಷ್ಠುರವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ.

ಗೋಡೆಗೊಂದು:

ನಾನು ಕಲಾವಿದೆಯಲ್ಲ, ಚಿತ್ರಗಳನ್ನು ಕೊಳ್ಳುವವಳು. ತಂಗಿಯ ಮನೆಯ ಗೃಹಪ್ರವೇಶಕ್ಕೆ ಉಡುಗೊರೆ ಹುಡುಕುತ್ತಿದ್ದುದರಿಂದ ನಿಮ್ಮ ಮಳಿಗೆಯನ್ನು ನಿಜವಾದ ಗಿರಾಕಿಯಾಗಿಯೇ ಹೊಕ್ಕು ನೋಡಿದೆ. ಹಾಗಾಗಿ ಎಲ್ಲಿ ಎಡವಿದೆನೆಂಬುದನ್ನು ಹೇಳಬಲ್ಲೆ.

ಮೊದಲನೆಯದು ಹೆಸರುಗಳು. ‘ಮೌನ-3’, ‘ಒಳದನಿ-7’, ‘ತೀರ-2’ ಎಂಬಂಥ ಹೆಸರುಗಳು ಪ್ರದರ್ಶನಕ್ಕೆ ಚೆನ್ನ, ಅಂಗಡಿಗಲ್ಲ. ‘ತೀರ-2’ ತೆರೆದು ನೋಡಿದರೆ ಅದು ಅಂಬಾರಗೋಡ್ಲಿನಿಂದ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚ್! 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾದ ಮೇಲೆ ಆ ಲಾಂಚಿನ ನೆನಪನ್ನು ಮಾತಿಗೊಮ್ಮೆ ತೆಗೆಯುವ ಎಷ್ಟೋ ಮಂದಿ ನಮ್ಮ ನೆಂಟರಲ್ಲೇ ಇದ್ದಾರೆ, ಅವರಲ್ಲಿ ಕೆಲವರು ಅಮೆರಿಕದಲ್ಲಿದ್ದಾರೆ. ಅವರು ಗೂಗಲ್‌ನಲ್ಲಿ ‘ಸಿಗಂದೂರು ಲಾಂಚ್’ ಎಂದು ಹುಡುಕಿಯಾರೇ ಹೊರತು ‘ತೀರ-2’ ಎಂದು ಹುಡುಕುವುದಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೂ ನೀವು ‘ಒಳದನಿ’ಯೊಳಗೆ ಅಡಗಿಸಿಟ್ಟಿದ್ದೀರಿ. ಊರಿನ ಹೆಸರು, ಯಾವ ಋತುವಿನಲ್ಲಿ ಎಲ್ಲಿ ಕುಳಿತು ಬರೆದಿರಿ ಎಂಬ ನಾಲ್ಕು ಸಾಲು, ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡಿ. ಸಂತೆಯಲ್ಲಿ ಈ ಮಾತನ್ನೆಲ್ಲ ನೀವೇ ಬಾಯಾರೆ ಹೇಳಿರುತ್ತೀರಿ, ಮಳಿಗೆಯಲ್ಲಿ ಹೇಳುವವರು ಯಾರೂ ಇಲ್ಲ.

ಎರಡನೆಯದು ಆಯ್ಕೆಗಳ ಗೊಂದಲ. ಐದು ಅಳತೆ, ಮೂರು ಕಾಗದ, 64 ಚಿತ್ರ ಎಂದರೆ 960 ಬಗೆಯ ಸರಕಾಯಿತು. ‘ಮ್ಯಾಟ್’ ಮತ್ತು ‘ಫೈನ್ ಆರ್ಟ್ ಮ್ಯಾಟ್’ ನಡುವಿನ ವ್ಯತ್ಯಾಸ ನನಗೆ ತಿಳಿಯಲಿಲ್ಲ. ತಪ್ಪು ಆರಿಸಿಬಿಟ್ಟೇನೆಂಬ ಅಳುಕಿನಲ್ಲಿ ನಾಳೆ ನೋಡೋಣವೆಂದು ಬಿಟ್ಟೆ. ಚಿತ್ರ ಗೋಡೆಯ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕೂ ಅಲ್ಲಿ ಗುರುತಿಲ್ಲ. ಕೊನೆಗೆ ನಾನು ದಿನಪತ್ರಿಕೆಯನ್ನು ಮಡಿಸಿ ಗೋಡೆಗೆ ಹಿಡಿದು ನೋಡಬೇಕಾಯಿತು. ಕುರ್ಚಿಯ ಮೇಲೋ ದಿವಾನದ ಮೇಲೋ ತೂಗುಹಾಕಿದ ಒಂದು ಫೋಟೊ, ಮೂಲೆಯನ್ನು ಬೆರಳಿನಲ್ಲಿ ಹಿಡಿದಿರುವ ಇನ್ನೊಂದು ಫೋಟೊ ಇದ್ದಿದ್ದರೆ ಸಾಕಿತ್ತು.

ಮರುದಿನ ಹೇಗೋ ಧೈರ್ಯ ಮಾಡಿ ಒಂದನ್ನು ಆರಿಸಿ, ವಿಳಾಸ ಮತ್ತು ಫೋನ್ ನಂಬರನ್ನೆಲ್ಲ ತುಂಬಿಸಿದ ಮೇಲೆ, ಕಟ್ಟಕಡೆಯ ಪುಟದಲ್ಲಿ 180 ರೂಪಾಯಿ ಅಂಚೆ ವೆಚ್ಚ ಕಾಣಿಸಿಕೊಂಡಿತು. ಹಣ ದೊಡ್ಡದಲ್ಲ. ಆದರೆ ಬೆಲೆ ಒಪ್ಪಿಕೊಂಡ ಮೇಲೆ ಅಂಗಡಿಯವನು ಇನ್ನಷ್ಟು ಕೇಳಿದರೆ ಆಗುವ ಕಿರಿಕಿರಿ ಅದು, ಅಲ್ಲಿಗೇ ಮುಚ್ಚಿದೆ.

ಇನ್ನೊಂದು ಮಾತು, ಬೇಸರಿಸಬೇಡಿ. ನಿಮ್ಮ ಮೊದಲ ಪುಟದ ತುಂಬ ಹೆಂಚು ಕುಸಿದ, ಪಾಳುಬಿದ್ದ ಮನೆಗಳ ಚಿತ್ರಗಳೇ ಇವೆ. ಚಿತ್ರಗಳಾಗಿ ಅವು ಅದ್ಭುತವಾಗಿವೆ. ಆದರೆ ನಮ್ಮಲ್ಲಿ ಚಿತ್ರ ಕೊಳ್ಳುವ ದೊಡ್ಡ ಸಂದರ್ಭವೇ ಗೃಹಪ್ರವೇಶ, ಪಾಳುಮನೆಯ ಚಿತ್ರವನ್ನು ಹೊಸಮನೆಗೆ ಕೊಟ್ಟು ಬರುವ ಎದೆಗಾರಿಕೆ ಎಷ್ಟು ಜನಕ್ಕಿದೆ? ಅವುಗಳನ್ನು ತೆಗೆಯಬೇಕಿಲ್ಲ, ಒಳಗಿನ ಪುಟಕ್ಕೆ ಸರಿಸಿ. ಮಳೆ, ಅಡಿಕೆ ತೋಟ, ದೇವಾಲಯ, ಲಾಂಚ್ ಮುಂದೆ ಬರಲಿ.

ಅಚ್ಚುಮೊಳೆ:

ಮೇಲಿನವರ ಮಾತನ್ನು ಒಪ್ಪುತ್ತೇನೆ. ನಾನು ಮುದ್ರಣದ ಕೆಲಸದಲ್ಲಿರುವುದರಿಂದ ಅವರು ಮುಟ್ಟದ ಒಂದು ದೋಷವನ್ನು ಮೊದಲು ಹೇಳುತ್ತೇನೆ: ಮಳಿಗೆಯಲ್ಲಿ ನಿಮ್ಮ ಹಸಿರು ಸತ್ತಿದೆ. ನೀವು ಮುದ್ರಣಕ್ಕೆಂದು ಅಡೋಬಿ ಆರ್‌ಜಿಬಿ ಎಂಬ, ಹೆಚ್ಚು ಬಣ್ಣಗಳನ್ನು ಹಿಡಿಯುವ ಬಣ್ಣವ್ಯವಸ್ಥೆಯಲ್ಲಿ ಸಿದ್ಧಪಡಿಸಿದ ಕಡತವನ್ನೇ ಕುಗ್ಗಿಸಿ ಏರಿಸಿರಬೇಕು. ಅದು ಯಾವ ಬಣ್ಣವ್ಯವಸ್ಥೆಯೆಂದು ತಿಳಿಸುವ ಪ್ರೊಫೈಲ್ ಕಡತದೊಡನೆ ಉಳಿಯದಿದ್ದರೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ, ಅಂದರೆ ಪರದೆಗಳ ಸಾಮಾನ್ಯ ಬಣ್ಣವ್ಯವಸ್ಥೆ, ಎಂದೇ ಭಾವಿಸುತ್ತದೆ, ಆಗ ಬಣ್ಣಗಳು ಮಂಕಾಗುತ್ತವೆ. ಜಾಲಕ್ಕೆ ಹಾಕುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಉದ್ದನೆಯ ಬದಿ 2000 ಪಿಕ್ಸೆಲ್‌ಗೆ ಮೀರದಂತೆ ಉಳಿಸಿಕೊಳ್ಳಿ. ಪುಟ ತೆರೆಯಲು ತಡವಾಗುವುದೂ ಇದರಿಂದ ತಪ್ಪುತ್ತದೆ. ಸಂತೆಯಲ್ಲಿ ಜನ ಕಂಡದ್ದು ಆಷಾಢದ ಹಸಿರು, ಮಳಿಗೆಯಲ್ಲಿ ಕಾಣುತ್ತಿರುವುದು ಮಾಘದ್ದು.

ಅಳತೆಯ ವಿಷಯಕ್ಕೆ ಬಂದರೆ, ನೀವು ಬರೆಯುತ್ತಿರುವುದು 22×30 ಅಂಗುಲದ ಹಾಳೆಯ ಕಾಲು ಭಾಗ, ಅಂದರೆ 11×15 ಅಂಗುಲದ ಕಾಗದದ ಮೇಲೆ ಎಂದು ತೋರುತ್ತದೆ. ಅದೇ ಅಳತೆಯಲ್ಲಿ ಪ್ರಿಂಟ್ ಕೊಟ್ಟರೆ ಸಿದ್ಧ ಫ್ರೇಮ್ ಸಿಗುವುದಿಲ್ಲ. ಕೊಂಡವರು ಕಟ್ಟು ಹಾಕಿಸಲು ಅಲೆಯಬೇಕು, ಅದಕ್ಕೆ ಪ್ರಿಂಟಿಗಿಂತ ಹೆಚ್ಚು ಖರ್ಚಾಗಲೂಬಹುದು. ಎ3 ಹಾಳೆಯ ಮೇಲೆ ಚಿತ್ರವನ್ನು 10 ಅಂಗುಲ ಅಗಲಕ್ಕೆ ಇಳಿಸಿ, ಸುತ್ತಲೂ ಬಿಳಿಯ ಅಂಚು ಬಿಡಿ. 300 ಡಿಪಿಐಗೆ, ಅಂದರೆ ಅಂಗುಲಕ್ಕೆ 300 ಚುಕ್ಕೆಗಳಂತೆ, ಸುಮಾರು 3000×4090 ಪಿಕ್ಸೆಲ್ ಸಾಕು. ಎ3 ಫ್ರೇಮ್ ಎಲ್ಲೆಡೆ ಸಿಗುತ್ತದೆ, ಅಂಚಿನಲ್ಲಿ ಪೆನ್ಸಿಲಿನಿಂದ ಸಹಿ ಹಾಕಲು ಜಾಗವೂ ಉಳಿಯುತ್ತದೆ. ಎ3 ಮತ್ತು ಎ4 ಹೊರತು ಉಳಿದ ಮೂರು ಅಳತೆಗಳನ್ನು ಬಿಟ್ಟುಬಿಡಿ. ಕಾಗದವೂ ಒಂದೇ ಇರಲಿ: ಹೊಳಪಿಲ್ಲದ ಹತ್ತಿಯ ಕಾಗದ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಆಸುಪಾಸು, ಬೇಗ ಮಾಸದ ಪಿಗ್ಮೆಂಟ್ ಶಾಯಿ. ಹೊಳೆಯುವ ಆರ್ಟ್ ಕಾರ್ಡಿನ ಮೇಲೆ ಜಲವರ್ಣ ಕ್ಯಾಲೆಂಡರಿನಂತೆ ಕಾಣುತ್ತದೆ.

ಅಂಚೆ ವೆಚ್ಚ 180 ಏಕಾಯಿತೆಂದು ಊಹಿಸಬಲ್ಲೆ. ಪ್ರಿಂಟನ್ನು ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸುತ್ತಿದ್ದೀರಾ? ಕೊರಿಯರ್‌ನವರು ಸಾಮಾನ್ಯವಾಗಿ ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸಿ ಬಂದದ್ದನ್ನು ಕಿಲೋ ಎಂದು ಹಿಡಿಯುತ್ತಾರೆ, ನಿಜವಾದ ತೂಕ ಅದಕ್ಕಿಂತ ಕಡಿಮೆಯಿದ್ದರೂ ಸರಿಯೇ. 45 ಸೆಂ.ಮೀ. ಉದ್ದ, 10 ಸೆಂ.ಮೀ. ವ್ಯಾಸದ ಕೊಳವೆ 900 ಗ್ರಾಂ ಎನಿಸಿಕೊಳ್ಳುತ್ತದೆ. ಅದೇ ಪ್ರಿಂಟನ್ನು ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿಟ್ಟು 48×35×1 ಸೆಂ.ಮೀ. ಪೊಟ್ಟಣ ಮಾಡಿದರೆ ಲೆಕ್ಕ 336 ಗ್ರಾಮಿಗೆ ಇಳಿದು ಅರ್ಧ ಕಿಲೋದ ದರದೊಳಗೆ ಬರುತ್ತದೆ. ದಪ್ಪ ಕಾಗದ ಸುರುಳಿಯಾಗಿ ಬಂದರೆ ಮತ್ತೆ ನೆಟ್ಟಗಾಗುವುದೂ ಕಷ್ಟ. ಆ ವೆಚ್ಚವನ್ನು ಬೆಲೆಯಲ್ಲೇ ಸೇರಿಸಿ, ‘ಭಾರತದೊಳಗೆ ಅಂಚೆ ವೆಚ್ಚ ಸೇರಿ’ ಎಂದು ಬೆಲೆಯ ಪಕ್ಕದಲ್ಲೇ ಬರೆಯಿರಿ.

ಸಂತೆಪೇಟೆ:

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ದೀಪಾವಳಿಗೆ ಶೇ. 40 ರಿಯಾಯಿತಿ ಘೋಷಿಸಿ, ದಿನಕ್ಕೊಂದು ರೀಲ್ ಹಾಕುವುದು ಉತ್ತಮವೆಂದು ನನ್ನ ಅಭಿಪ್ರಾಯ. ನಾನು ಕುಂಕುಮದ ಭರಣಿಗಳನ್ನು ಮಾರುವುದು ಹಾಗೆಯೇ.

ಗೋಡೆಗೊಂದು:

ಭರಣಿಗೆ ಅದು ಸರಿಯಿರಬಹುದು. ಜನವರಿಯಲ್ಲಿ 1,200 ಕೊಟ್ಟು ಕೊಂಡವರು ಅದೇ ಚಿತ್ರವನ್ನು 720ಕ್ಕೆ ಕಂಡರೆ ಮುಂದಿನ ಸಂತೆಯಲ್ಲಿ ಇವರ ಮಳಿಗೆಯ ಮುಂದೆ ನಿಲ್ಲುವುದಿಲ್ಲ. ರೀಲ್ ಬಗ್ಗೆ ತಕರಾರಿಲ್ಲ, ಕುಂಚದ ನೀರು ಕಾಗದದಲ್ಲಿ ಹರಡುವುದನ್ನು ನೋಡುವುದೇ ಒಂದು ಸುಖ. ಆದರೆ ಈಗಾಗಲೇ ಬರುತ್ತಿರುವ ಏಳುನೂರು ಮಂದಿಯೇ ಬಾಗಿಲಿನಿಂದ ಹಿಂತಿರುಗುತ್ತಿರುವಾಗ ಇನ್ನಷ್ಟು ಜನರನ್ನು ಕರೆದು ಏನು ಪ್ರಯೋಜನ?

ನೀಲಿಕುಂಚ:

ಎಲ್ಲರಿಗೂ ಕೃತಜ್ಞತೆಗಳು. ಕೊಳವೆಯ ವಿಷಯದಲ್ಲಿ ತಮ್ಮ ಊಹೆ ನಿಜ, ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಕಳೆದ ಮೂರು ವಾರಗಳಲ್ಲಿ ಚಿತ್ರಗಳನ್ನು 64ರಿಂದ 18ಕ್ಕೆ ಇಳಿಸಿ, ಊರುಗಳ ಹೆಸರಿಟ್ಟು, ಎ3 ಪ್ರಿಂಟಿಗೆ ಅಂಚೆ ವೆಚ್ಚ ಸೇರಿಸಿ 1,300 ರೂಪಾಯಿ ಎಂದು ಬರೆದಿದ್ದೇನೆ. ಹಸಿರನ್ನು ಸರಿಪಡಿಸಿದೆ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ ನನಗೇ ನಾಚಿಕೆಯಾಯಿತು. ಈ ಮೂರು ವಾರಗಳಲ್ಲಿ ಒಂಬತ್ತು ಪ್ರತಿಗಳು ಹೋಗಿವೆ, ಅವುಗಳಲ್ಲಿ ಐದು ಸಿಗಂದೂರಿನ ಲಾಂಚ್. ಸೋದರತ್ತೆಯ ಮಕ್ಕಳು ಯಾರೂ ಇಲ್ಲ.

ಒಂದು ಪ್ರಶ್ನೆ ಉಳಿದಿದೆ. ಹೆಚ್ಚು ಮಂದಿ ತೆರೆದು ನೋಡುತ್ತಿರುವುದು ಹೋಮ್‌ಸ್ಟೇ ಮಾಲೀಕರೊಬ್ಬರು ಹಣ ಕೊಟ್ಟು ಬರೆಸಿಕೊಂಡ ಅಡಿಕೆ ತೋಟದ ಚಿತ್ರವನ್ನು. ಮೂಲಚಿತ್ರ ಅವರಲ್ಲಿದೆ. ಅದರ ಪ್ರಿಂಟ್ ಮಾರಬಹುದೇ?

ಅಚ್ಚುಮೊಳೆ:

ಇಲ್ಲಿ ಎಚ್ಚರ ಬೇಕು. ನೀವಾಗಿಯೇ ಬರೆದು ನಂತರ ಮಾರಿದ ಚಿತ್ರವಾದರೆ, ಲಿಖಿತವಾಗಿ ಬಿಟ್ಟುಕೊಡದ ಹೊರತು ಕೃತಿಸ್ವಾಮ್ಯ ನಿಮ್ಮದೇ. ಮೂಲಚಿತ್ರ ಯಾರ ಗೋಡೆಯ ಮೇಲಿದ್ದರೂ ಪ್ರಿಂಟ್ ಮಾರಬಹುದು. ಆದರೆ ಒಬ್ಬರು ಹೇಳಿ, ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ ಬರೆಸಿಕೊಂಡವರೇ ಮೊದಲ ಸ್ವಾಮಿಯಾಗುತ್ತಾರೆ. ಆದ್ದರಿಂದ ಮಾಲೀಕರನ್ನು ಕಂಡು, ಪ್ರಿಂಟ್‌ಗಳನ್ನು ಮಾರಲು ತಮ್ಮ ಒಪ್ಪಿಗೆಯಿದೆಯೆಂದು ಸಹಿ ಮಾಡಿದ ಪತ್ರ ಪಡೆದುಕೊಳ್ಳಿ. ಅವರ ಹೋಮ್‌ಸ್ಟೇ ಹೆಸರನ್ನು ಚಿತ್ರದ ವಿವರಣೆಯಲ್ಲಿ ಹಾಕುತ್ತೇನೆಂದರೆ ಬೇಡವೆನ್ನಲಾರರು. ಪತ್ರ ಕೈಗೆ ಬರುವವರೆಗೆ ಆ ಚಿತ್ರವನ್ನು ಮಳಿಗೆಯಿಂದ ಇಳಿಸಿಡಿ.